ಬಿಷಪ್ಪರ ಅರಮನೆಯಲ್ಲಿ ಬಿಸಿನೀರಿಲ್ಲ

ಇಲ್ಲದ ಮನೆಯೊಂದನ್ನು ನೋಡಿಕೊಂಡು ಬರ್ತೀನಿ ಅಂದಾಗ ಮಗಳು ನಕ್ಕಳು. ಅಳಿಯ ಸುಮ್ನೆ ಫೋನ್ ತೆಗೆದು ರೈಲಿನ ಟೈಮ್ ನೋಡತೊಡಗಿದ. ಪಕ್ಕದಲ್ಲಿ ಅವರೇಕಾಯಿ ಇಲ್ಲದ ಊರಲ್ಲಿ ಫ್ರೋಜನ್ ಬಟಾಣಿ ಬಿಡಿಸಿಡುತ್ತಿದ್ದ ನಮ್ಮ ಬೀಗಿತ್ತಿ, "ನಾನೂ ಬರ್ತೀನಿ" ಅಂದುಬಿಟ್ಟರು.

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮಕ್ಕಳ ಮನೆ ಚಿಕ್ಕದು. ಒಂದು ಅಡುಗೆಮನೆ, ಇಬ್ಬರು ಬೀಗಿತ್ತಿಯರು. ಮೈಸೂರಿನ ನನ್ನ ಸಾರು ತುಮಕೂರಿನ ಅವರಿಗೆ ಸಪ್ಪೆ, ಅವರ ಸಾರು ನನಗೆ ಖಾರ. ನಾವಿಬ್ಬರೂ ಒಟ್ಟಿಗೆ ನಾಲ್ಕು ದಿನ ಹೊರಗೆ ಹೋಗ್ತೀವಿ ಅಂದರೆ ಮಕ್ಕಳಿಗೆ ಬೇಡ ಅನ್ನಲು ಮನಸ್ಸಾಗುತ್ತಾ?

ನಾನು ಹುಡುಕಹೊರಟಿದ್ದು ಬಾರ್ಚೆಸ್ಟರ್ ಊರಿನ ಬಿಷಪ್ಪರ ಅರಮನೆ. ಆ ಊರೇ ಇಲ್ಲ. ಆಂಥನಿ ಟ್ರೊಲಪ್ ಅನ್ನುವ ಅಂಚೆ ಇಲಾಖೆಯ ನೌಕರ 1855ರಿಂದ 1867ರವರೆಗೆ ಬರೆದ ಆರು ಕಾದಂಬರಿಗಳಲ್ಲಿ ಅದು ಬರುತ್ತದೆ. ಎರಡನೆಯದು 'ಬಾರ್ಚೆಸ್ಟರ್ ಟವರ್ಸ್', 1857ರದು. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ನಮಗದು ಪಠ್ಯವಾಗಿತ್ತು. ಆಮೇಲೆ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದೆ, ಅದನ್ನು ಪಾಠ ಮಾಡುವ ಅವಕಾಶ ಒಂದು ಸಲವೂ ಸಿಗಲಿಲ್ಲ. ಆದರೆ ಆ ಮನೆ ತಲೆಯಿಂದ ಹೋಗಲಿಲ್ಲ.

ಮೊದಲನೇ ದಿನ: ಸಾಲ್ಸ್‌ಬರಿ

ಬೇಸಿಂಗ್‌ಸ್ಟೋಕ್‌ನಲ್ಲಿ ರೈಲು ಬದಲಿಸಿ ಮಧ್ಯಾಹ್ನದೊಳಗೆ ಸಾಲ್ಸ್‌ಬರಿ ತಲುಪಿದೆವು. ಜೂನ್ ಕೊನೆಯ ವಾರ. ಈ ದೇಶದಲ್ಲಿ ಆಗ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ. ಬೇಕೆಂದೇ ಆ ವಾರ ಆರಿಸಿದ್ದು. ಅಂಚೆ ಕೆಲಸದ ಮೇಲೆ ಈ ಊರಿಗೆ ಬಂದ ಟ್ರೊಲಪ್ ಬೇಸಿಗೆಯ ನಡುವಿನ ಒಂದು ಸಂಜೆ ಕಥೀಡ್ರಲ್ ಸುತ್ತ ಅಡ್ಡಾಡುವಾಗ ಈ ಆರರಲ್ಲಿ ಮೊದಲ ಕಾದಂಬರಿಯ ಕಥೆ ಹೊಳೆಯಿತು ಅಂತ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಕಥೀಡ್ರಲ್‌ನ ಗೋಪುರ 123 ಮೀಟರ್. ಬ್ರಿಟನ್‌ನಲ್ಲೇ ಅತಿ ಎತ್ತರದ್ದು. ಕತ್ತು ನೋಯುವವರೆಗೆ ನೋಡಿದೆವು, ಸಾಕು. ನನಗೆ ಬೇಕಾದದ್ದು ಕೆಳಗೆ, ಅದರ ಸುತ್ತ ಇರುವ 'ಕ್ಲೋಸ್'. ಪಾದ್ರಿಗಳ ಮನೆಗಳಿರುವ, ಗೋಡೆ ಕಟ್ಟಿದ ಕೇರಿ ಅದು. ಉಡುಪಿಯ ರಥಬೀದಿಗೆ ಸುತ್ತ ಗೋಡೆ ಎಬ್ಬಿಸಿ ಗೇಟ್ ಇಟ್ಟರೆ ಹೇಗಿರುತ್ತೋ ಹಾಗೆ. ಇಲ್ಲಿ ಅದು 80 ಎಕರೆ. ರಾತ್ರಿ ಹನ್ನೊಂದಕ್ಕೆ ಈಗಲೂ ಗೇಟಿಗೆ ಬೀಗ ಬೀಳುತ್ತದೆ.

"ಬಿಷಪ್ಪರ ಮನೆ ಯಾವುದು?" ಬೀಗಿತ್ತಿಯ ಪ್ರಶ್ನೆ.

ತೋರಿಸಿದೆ. 13ನೇ ಶತಮಾನದಲ್ಲಿ ಶುರುವಾದ ಅರಮನೆ ಈಗ ಬಿಷಪ್ಪರದ್ದಲ್ಲ. 1947ರಿಂದ ಅಲ್ಲಿ ಕಥೀಡ್ರಲ್ ಸ್ಕೂಲ್ ನಡೆಯುತ್ತಿದೆ. ಬಿಷಪ್ಪರು ಅದೇ ಕ್ಲೋಸ್‌ನೊಳಗೆ ಬೇರೊಂದು ಮನೆಯಲ್ಲಿದ್ದಾರೆ. ಈ ಅರಮನೆಯ ತೋಟದಲ್ಲಿ ನಿಂತು ಚಿತ್ರಕಾರ ಕಾನ್‌ಸ್ಟೇಬಲ್ 1823ರಲ್ಲಿ ಕಥೀಡ್ರಲ್‌ನ ಚಿತ್ರ ಬರೆದ. ಬರೆಸಿದ್ದು ಆಗಿನ ಬಿಷಪ್ ಫಿಶರ್. ಚಿತ್ರದ ಎಡ ಮೂಲೆಯಲ್ಲಿ ಬಿಷಪ್ಪರು ಕೋಲೆತ್ತಿ ಹೆಂಡತಿಗೆ ಗೋಪುರ ತೋರಿಸುತ್ತಿರುವುದೂ ಇದೆ. ಆದರೆ ಆಕಾಶದಲ್ಲಿ ಒಂದು ಕಪ್ಪು ಮೋಡ ಇದೆ ಅಂತ ಬಿಷಪ್ಪರು ಮುಖ ಸಿಂಡರಿಸಿದರಂತೆ.

ಸಂಜೆ ಸೇತುವೆ ಹುಡುಕಿದೆವು. ಸಾಲ್ಸ್‌ಬರಿಯ ಆ 'ಚಿಕ್ಕ ಸೇತುವೆ' ಮೇಲೆ ಒಂದು ಗಂಟೆ ನಿಂತು, ತನ್ನ ಕಥೆಯ ವೃದ್ಧಾಶ್ರಮ ಎಲ್ಲಿರಬೇಕು ಅಂತ ಜಾಗ ಗೊತ್ತು ಮಾಡಿಕೊಂಡೆ ಅಂತಾನೆ ಟ್ರೊಲಪ್. ಯಾವ ಸೇತುವೆ, ಹೆಸರು ಹೇಳಿಲ್ಲ. ಊರೊಳಗೆ ಕ್ರೇನ್ ಬ್ರಿಜ್ ಇದೆ. ದಕ್ಷಿಣಕ್ಕೆ, ಹಾರ್ನಮ್ ಕಡೆ, 1244ರಲ್ಲಿ ಬಿಷಪ್ ಬಿಂಗ್‌ಹ್ಯಾಮ್ ಕಟ್ಟಿಸಿದ ಐಲ್ಸ್‌ವೇಡ್ ಸೇತುವೆ ಇದೆ. ಅದರ ಮಗ್ಗುಲಲ್ಲೇ ಸೇಂಟ್ ನಿಕೋಲಸ್ ಹಾಸ್ಪಿಟಲ್. ಹಾಸ್ಪಿಟಲ್ ಅಂದರೆ ಆಸ್ಪತ್ರೆ ಅಲ್ಲ, ವಯಸ್ಸಾದವರಿಗೆ ಆಸರೆ ಕೊಡುವ ಹಳೇ ಧರ್ಮಸಂಸ್ಥೆ. ನನ್ನ ಓಟು ಇದಕ್ಕೇ. ಸೇತುವೆ ಚಿಕ್ಕದೇನಲ್ಲ, ಒಪ್ಪುತ್ತೇನೆ. ಆದರೆ ಮೋಟುಗೋಡೆಗೆ ಮೊಣಕೈ ಊರಿ ನಿಂತರೆ ಒಂದು ಕಡೆ ನದಿ, ಒಂದು ಕಡೆ ಮುದುಕರ ಮನೆ, ಮರಗಳ ಮೇಲೆ ಗೋಪುರದ ತುದಿ. ಕಥೆಗೆ ಇನ್ನೇನು ಬೇಕು.

ಬೀಗಿತ್ತಿ ಒಂದು ಗಂಟೆ ನಿಲ್ಲಲಿಲ್ಲ. ಹತ್ತು ನಿಮಿಷಕ್ಕೆ "ಕಾಲು ಹಿಡ್ಕೊಂಡ್ತು, ನಡೀರಿ" ಅಂದರು.

ಎರಡನೇ ದಿನ: ರೈಲು, ಬಸ್ಸು, ಕೆಟಲ್

ಉಳಿದುಕೊಂಡದ್ದು ಒಬ್ಬರ ಮನೆಯಲ್ಲಿ, ತಿಂಡಿ ಸಮೇತ. ನಮ್ಮ ರೂಮು ಎರಡನೇ ಮಹಡಿ, ಇಳಿಜಾರು ಚಾವಣಿಯ ಕೆಳಗೆ. ಬೆಳಗ್ಗೆ ಬೀಗಿತ್ತಿ ಬಚ್ಚಲಿಗೆ ಹೋದವರೇ ವಾಪಸ್ ಬಂದರು. ನಲ್ಲಿಯಲ್ಲಿ ಬಿಸಿನೀರಿಲ್ಲ. ಮನೆಯಾಕೆ ತುಂಬ ಸಾರಿ ಕೇಳಿದರು, ಬಾಯ್ಲರ್ ಮೇಲಿನವರೆಗೆ ನೀರು ತಳ್ಳುತ್ತಿಲ್ಲವಂತೆ. ಎಣ್ಣೆ ಇಟ್ಟುಕೊಂಡ ತಲೆ, ಏನು ಮಾಡೋದು? ಕೆಳಗೆ ಅಡುಗೆಮನೆಯಲ್ಲಿ ಕೆಟಲ್‌ನಲ್ಲಿ ಕಾಯಿಸುವುದು, ಜಗ್ಗಿಗೆ ಸುರಿಯುವುದು, ಎರಡು ಮಹಡಿ ಹತ್ತುವುದು. ಐದು ಸಲ ಹತ್ತಿ ಇಳಿದೆವು. ಬಕೆಟ್ಟೂ ಇಲ್ಲ, ಚೊಂಬೂ ಇಲ್ಲ. ಹಲ್ಲುಜ್ಜುವ ಲೋಟದಲ್ಲಿ ಸ್ನಾನ.

ನಾಲ್ಕನೇ ಸಲ ಮೆಟ್ಟಿಲ ತಿರುವಿನಲ್ಲಿ, ಜಗ್ಗಿನ ಬಿಸಿ ಸೆರಗು ದಾಟಿ ಅಂಗೈಗೆ ಇಳಿಯುತ್ತಿರುವಾಗ, ನನಗೆ ಬಾರ್ಚೆಸ್ಟರ್ ಬಿಷಪ್ಪರ ಹೆಂಡತಿ ಮಿಸೆಸ್ ಪ್ರೌಡಿ ನೆನಪಾದಳು. ನಗು ತಡೆಯಲಾಗಲಿಲ್ಲ.

ಬಾತ್ ಕಡೆಯ ರೈಲು ಹತ್ತಿ ಕೂತ ಮೇಲೆ ಬೀಗಿತ್ತಿಗೆ ಕಥೆ ಹೇಳಿದೆ. ಬಾರ್ಚೆಸ್ಟರ್ ಟವರ್ಸ್ ಅರ್ಧಕ್ಕರ್ಧ ರೈಲಿನಲ್ಲೇ ಹುಟ್ಟಿದ ಪುಸ್ತಕ. ಟ್ರೊಲಪ್‌ಗೆ ಊರೂರು ತಿರುಗುವ ಕೆಲಸ. ಬೋಗಿಯಲ್ಲಿ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಪೆನ್ಸಿಲಿನಲ್ಲಿ ಗೀಚುತ್ತಿದ್ದ, ಮನೆಯಲ್ಲಿ ಹೆಂಡತಿ ಅದನ್ನು ನೀಟಾಗಿ ಪ್ರತಿ ಮಾಡುತ್ತಿದ್ದಳು.

ಕಥೆ ಶುರುವಾಗುವುದು ಅರಮನೆಯ ಒಂದು ಮಲಗುವ ಕೋಣೆಯಲ್ಲಿ. ಮುದಿ ಬಿಷಪ್ ಗ್ರಾಂಟ್ಲಿ ಸಾಯುತ್ತಿದ್ದಾನೆ. ಪಕ್ಕದಲ್ಲಿ ಮಗ, ಅವನೂ ಚರ್ಚಿನಲ್ಲಿ ದೊಡ್ಡ ಹುದ್ದೆಯವನು, ಆರ್ಚ್‌ಡೀಕನ್. ಲಂಡನ್ನಿನಲ್ಲಿ ಸರ್ಕಾರ ಬೀಳುವ ಹಾಗಿದೆ. ಅಪ್ಪ ಇವತ್ತೇ ಹೋದರೆ ಈಗಿನ ಪ್ರಧಾನಿ ತನ್ನನ್ನೇ ಬಿಷಪ್ ಮಾಡುತ್ತಾನೆ. ನಾಳೆ ಹೋದರೆ ಬೇರೆ ಸರ್ಕಾರ, ಬೇರೆ ಬಿಷಪ್. ಅಪ್ಪನ ಸಾವನ್ನು ತಾನು ಬಯಸುತ್ತಿದ್ದೀನಾ ಅಂತ ಮಗ ತನ್ನನ್ನೇ ಕೇಳಿಕೊಳ್ಳುತ್ತಾನೆ. ಹಾಸಿಗೆ ಪಕ್ಕ ಮಂಡಿಯೂರಿ ಕ್ಷಮಿಸಪ್ಪಾ ಅಂತ ಪ್ರಾರ್ಥಿಸುತ್ತಾನೆ. ಅಪ್ಪ ಹೋಗುತ್ತಾನೆ. ಟೆಲಿಗ್ರಾಂ ಹೋಗುವಷ್ಟರಲ್ಲಿ ಸರ್ಕಾರ ಬಿದ್ದಿರುತ್ತದೆ.

"ನಮ್ಮ ಮಠಗಳ ಕಥೆ ಥರಾನೇ ಇದೆಯಲ್ಲ" ಅಂದರು ಬೀಗಿತ್ತಿ. ನಾನು ಅದಕ್ಕೆ ಏನೂ ಹೇಳಲಿಲ್ಲ.

ಹೊಸ ಬಿಷಪ್ಪಾಗಿ ಬಂದವನು ಡಾಕ್ಟರ್ ಪ್ರೌಡಿ. ಹಳಬನಿಗೆ ವರ್ಷಕ್ಕೆ 9000 ಪೌಂಡ್ ಬರುತ್ತಿತ್ತು, ಇವನಿಗೆ 5000. ಅರಮನೆ ಮಾತ್ರ ಅದೇ. ಆರ್ಚ್‌ಡೀಕನ್ ತನ್ನ ಮಾವ ಹಾರ್ಡಿಂಗ್ ಜೊತೆ ಮರ್ಯಾದೆಗೆ ಅಂತ ಭೇಟಿಗೆ ಬಂದಾಗ ಬಿಷಪ್ಪರ ಹೆಂಡತಿ ದೂರುಪಟ್ಟಿ ಬಿಚ್ಚುತ್ತಾಳೆ. ಕುದುರೆ ಲಾಯ ಸರಿಯಿಲ್ಲ. ಕೋಣೆಗಳಲ್ಲಿ ದೀಪಕ್ಕೆ ಗ್ಯಾಸ್ ಪೈಪಿಲ್ಲ. ಬಿಸಿನೀರಿಗೂ ಪೈಪಿಲ್ಲ, ಅಡುಗೆಮನೆಯಿಂದ ಜಗ್ಗುಗಳಲ್ಲಿ ಹೊತ್ತು ಮಲಗುವ ಕೋಣೆಗಳಿಗೆ ತರಬೇಕು, ಇದೆಂಥಾ ವ್ಯವಸ್ಥೆ? ಆರ್ಚ್‌ಡೀಕನ್‌ಗೆ ಅದು ಅಪ್ಪ ವರ್ಷಗಟ್ಟಲೆ ಬಾಳಿದ ಮನೆ. ಅಪ್ಪನ ಸೂತಕದ ನೋವು ಇನ್ನೂ ಆರಿಲ್ಲ. ಮೈಯೆಲ್ಲಾ ಉರಿದುಹೋಗುತ್ತದೆ.

ನಮ್ಮ ಕ್ಲಾಸಿನಲ್ಲಿ ಮೇಷ್ಟ್ರು ಈ ಭಾಗ ಓದಿ ನಕ್ಕಿದ್ದರು. ನಾವೂ ನಕ್ಕಿದ್ದೆವು. ಗಯ್ಯಾಳಿ ಹೆಂಗಸು, ಗಂಡನ ಹುದ್ದೆಯನ್ನು ತಾನೇ ಆಳುವವಳು ಅಂತ ನೋಟ್ಸ್ ಬರೆದುಕೊಂಡಿದ್ದೆವು.

ಬೀಗಿತ್ತಿ ನಗಲಿಲ್ಲ. ತಮ್ಮ ಒದ್ದೆ ಜಡೆ ಮುಟ್ಟಿ ನೋಡಿಕೊಂಡರು. "ಸರಿಯಾಗೇ ಕೇಳಿದ್ದಾಳೆ. ಹೊಸ ಮನೆಗೆ ಬಂದೋಳು ನೀರು ನಿಡಿ ಕೇಳದೆ ಇನ್ನೇನು ಕೇಳ್ತಾಳೆ?" ಆಮೇಲೆ ಒಂದು ಕ್ಷಣ ಬಿಟ್ಟು, "ಆದ್ರೆ ಜಗ್ಗು ಹೊರೋಳು ಅವಳಲ್ಲ ತಾನೇ? ಆಳುಗಳು. ಅವರಿಗೋಸ್ಕರ ಕೇಳಿದ್ಲೋ, ತನಗೆ ತಣ್ಣಗಾಗಿ ಬರುತ್ತೆ ಅಂತ ಕೇಳಿದ್ಲೋ?"

ಮೂವತ್ತು ವರ್ಷ ಪಾಠ ಮಾಡಿದ ನನಗೆ ಈ ಪ್ರಶ್ನೆ ಒಂದು ದಿನವೂ ಹೊಳೆದಿರಲಿಲ್ಲ.

ನಮ್ಮ ಮುಂದಿನ ಊರು ವೆಲ್ಸ್‌ಗೆ ರೈಲಿಲ್ಲ. ಬಾತ್‌ನಲ್ಲಿ ಇಳಿದು ಬಸ್ಸು. ಮೇಲಿನ ಸೀಟಿನಲ್ಲಿ ಕೂತು ನಿದ್ದೆ ಹೊಡೆದೆವು.

ಮೂರನೇ ದಿನ: ವೆಲ್ಸ್

ಅರಮನೆ ಅನ್ನುವ ಮಾತಿಗೆ ಸರಿಹೊಂದುವ ಬಿಷಪ್ಪರ ಮನೆ ನೋಡಬೇಕಾದರೆ ವೆಲ್ಸ್‌ಗೇ ಬರಬೇಕು. ಸುತ್ತ ನೀರು ತುಂಬಿದ ಕಂದಕ, ಕೋಟೆಗೋಡೆ, ಎರಡು ಬುರುಜುಗಳ ನಡುವೆ ಹೆಬ್ಬಾಗಿಲು. ಒಳಗಿನ ಮನೆ 1206ರ ಸುಮಾರಿಗೆ ಬಿಷಪ್ ಜೋಸೆಲಿನ್ ಶುರುಮಾಡಿದ್ದು. ಕಂದಕ, ಗೋಡೆ 1340ರ ದಶಕದಲ್ಲಿ ಬಿಷಪ್ ರಾಲ್ಫ್ ಸೇರಿಸಿದ್ದು. ದೇವರ ಕೆಲಸದವರಿಗೆ ಕಂದಕ ಯಾಕೆ? ಆ ಕಾಲದ ಬಿಷಪ್ ಅಂದರೆ ಜಮೀನ್ದಾರ, ಪಾಳೇಗಾರ ಎಲ್ಲಾ ಆಗಿದ್ದ. ಊರಿನವರ ಜೊತೆ ಜಗಳವೂ ಇತ್ತು. ಇವತ್ತಿಗೂ ಇಂಗ್ಲೆಂಡಿನ 26 ಬಿಷಪ್ಪರಿಗೆ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಸೀಟಿದೆ. ಮೈಸೂರಿನವಳಾದ ನನಗೆ ಅರಮನೆ ಅಂದರೆ ದಸರಾ ದೀಪ. ಇಲ್ಲಿ ದೀಪವಿಲ್ಲ, ಬೂದುಬಣ್ಣದ ಕಲ್ಲು, ಪಾಚಿ, ಬಾತುಕೋಳಿ.

ಹೆಬ್ಬಾಗಿಲ ಪಕ್ಕ ಗೋಡೆಯಲ್ಲಿ ಒಂದು ಕಿಟಕಿ, ಅದರಿಂದ ಇಳಿಬಿದ್ದ ಹಗ್ಗ, ಮೇಲೆ ಗಂಟೆ. ಹಸಿವಾದರೆ ಹಂಸಗಳು ಬಂದು ಹಗ್ಗ ಎಳೆಯುತ್ತವೆ, ಮೇಲಿಂದ ಯಾರೋ ತಿಂಡಿ ಹಾಕುತ್ತಾರೆ. ವಿಕ್ಟೋರಿಯಾ ರಾಣಿಯ ಕಾಲದ ಬಿಷಪ್ ಒಬ್ಬರ ಮಗಳು ಕಲಿಸಿದ್ದಂತೆ. ಅರ್ಧ ಗಂಟೆ ಕಾದೆವು. ಹಂಸ ಮರಿಗಳ ಸಮೇತ ಬಂತು, ಹಗ್ಗ ನೋಡಿತು, ಹೋಯಿತು. "ಹೊಟ್ಟೆ ತುಂಬಿದೆ ಅದಕ್ಕೆ. ನಮಗೂ ಒಂದು ಗಂಟೆ ಇಟ್ಟಿದ್ರೆ ಆಗ್ತಿತ್ತು" ಅಂದರು ಬೀಗಿತ್ತಿ. ಕೆಫೆಗೆ ಹೋಗಿ ಸ್ಕೋನ್ ತಿಂದೆವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹಿಂದಿನ ತೋಟದ ಬುಗ್ಗೆಗಳು. ವೆಲ್ಸ್ ಅಂದರೆ ಬಾವಿಗಳು ಅಂತಲೇ ಅಲ್ವಾ. ಕೊಳದ ತಳದಲ್ಲಿ ಮರಳು ಕುದಿಯುವ ಹಾಗೆ ಏಳುತ್ತದೆ, ಬೀಳುತ್ತದೆ, ನೀರು ಮಾತ್ರ ತಣ್ಣಗೆ ತಿಳಿಯಾಗಿದೆ. ಬಗ್ಗಿ ನೋಡಿದರೆ ಕೊಳದಲ್ಲೇ ಕಥೀಡ್ರಲ್ ತಲೆಕೆಳಗಾಗಿ ನಿಂತಿದೆ. 1451ರಲ್ಲಿ ಬಿಷಪ್ ಬೆಕಿಂಗ್ಟನ್ ಈ ನೀರನ್ನು ಊರಿಗೆ ಬಿಟ್ಟುಕೊಟ್ಟ. ಇವತ್ತಿಗೂ ಅದು ಹೈ ಸ್ಟ್ರೀಟಿನ ಎರಡೂ ಬದಿ ಸಣ್ಣ ಕಾಲುವೆಯಲ್ಲಿ, ಅಂಗಡಿಗಳ ಮುಂದೆ, ಜುಳುಜುಳು ಅಂತ ಇಳಿದು ಹೋಗುತ್ತದೆ. ಆರು ಶತಮಾನದ ಹಿಂದೆ ಊರಿಗೆ ನಲ್ಲಿ ಹಾಕಿಸಿದ ಬಿಷಪ್ಪನ ಹೆಸರು ಎಲ್ಲರೂ ಗೌರವದಿಂದ ಹೇಳುತ್ತಾರೆ. ಮನೆಗೆ ನಲ್ಲಿ ಕೇಳಿದ ಬಿಷಪ್ಪನ ಹೆಂಡತಿ ಕಾದಂಬರಿಯ ನಗೆಪಾಟಲು.

ಮಹಡಿಯ ಲಾಂಗ್ ಗ್ಯಾಲರಿಯಲ್ಲಿ ಹಿಂದಿನ ಬಿಷಪ್ಪರ ಪಟಗಳು. ಒಂದಾದ ಮೇಲೊಂದು ಗಂಡಸಿನ ಮುಖ, ಬಿಳಿ ತೋಳು, ಕಪ್ಪು ನಿಲುವಂಗಿ. ಅಲ್ಲಿನ ಮರದ ನೆಲದ ಮೇಲೆ ನಿಂತಾಗ ನನಗೆ ಮೊದಲ ಸಲ ಸೋಫಾ ಪ್ರಸಂಗ ಕಣ್ಣಿಗೆ ಕಟ್ಟಿತು. ಬೀಗಿತ್ತಿಗೆ ಅಲ್ಲೇ, ಬಿಷಪ್ಪರೆಲ್ಲ ನೋಡುತ್ತಿರುವಾಗಲೇ ಹೇಳಿದೆ.

ಮಿಸೆಸ್ ಪ್ರೌಡಿ ಊರಿನವರಿಗೆಲ್ಲ ಅರಮನೆಯಲ್ಲಿ ಸತ್ಕಾರಕೂಟ ಇಟ್ಟಿದ್ದಾಳೆ. ಊರು ಒಪ್ಪಬೇಕು, ಅಷ್ಟೇ ಅವಳ ಆಸೆ. ಅಲ್ಲಿಗೆ ನಡೆಯಲಾರದ ಒಬ್ಬ ಸುಂದರಿ, ಮದಲಿನ್ ನೆರೋನಿ, ಆಳುಗಳ ಕೈಲಿ ಹೊರಿಸಿಕೊಂಡು ಬಂದು ಸೋಫಾ ಮೇಲೆ ಒರಗುತ್ತಾಳೆ. ಗಂಡಸರೆಲ್ಲ ಅವಳ ಸುತ್ತ. ಬಿಷಪ್ಪರೂ ಅಲ್ಲೇ, ಬೆವರುವ ಕೈಯ ಪಾದ್ರಿ ಸ್ಲೋಪ್ ಕೂಡ ಅಲ್ಲೇ. ಸೋಫಾ ಹಿಂದಿದ್ದವರಿಗೆ ದಾರಿ ಸಾಲದು ಅಂತ ಅವಳ ಒಡಹುಟ್ಟಿದ ಬರ್ಟಿ ಸೋಫಾ ತಳ್ಳುತ್ತಾನೆ. ಸೋಫಾಗೆ ಚಕ್ರ ಇದೆ. ಚಕ್ರಕ್ಕೆ ಮಿಸೆಸ್ ಪ್ರೌಡಿಯ ಉಡುಪಿನ ಹಿಂದಿನ ಲೇಸು ಸಿಕ್ಕುತ್ತದೆ. ಪರ್ ಅಂತ ಹರಿಯುತ್ತದೆ. ನೆರಿಗೆ ಕಳಚಿ, ಲೇಸು ಜೋತು, ಊರಿನ ಮುಂದೆ ಯಜಮಾನಿ ಹಾಗೆ ನಿಂತಿದ್ದಾಳೆ. ಬರ್ಟಿ ಮಂಡಿಯೂರಿ ಲೇಸು ಬಿಡಿಸಹೋದರೆ ಕೈ ತೆಗಿ ಅಂತ ಗುಡುಗುತ್ತಾಳೆ. ಸೋಫಾ ಮೇಲಿನ ಸುಂದರಿ ನಗುತ್ತಾಳೆ.

"ಮದುವೆ ಮನೇಲಿ ನಮ್ಮ ನಾದಿನಿ ಸೆರಗು ಕುರ್ಚಿ ಕಾಲಿಗೆ ಸಿಕ್ಕಿ ಹೀಗೇ ಆಗಿತ್ತು" ಅಂದರು ಬೀಗಿತ್ತಿ. "ಆಮೇಲೆ ಅವಳು ಆ ಮನೆ ಮೆಟ್ಟಿಲು ಹತ್ತಲಿಲ್ಲ." ಸ್ವಲ್ಪ ಯೋಚಿಸಿ, "ಇವಳಿಗೆ ಹಾಗೂ ಇಲ್ಲ. ಇವಳದ್ದೇ ಮನೆ."

ಇವಳದ್ದೇ ಅನ್ನುವುದೂ ಅರ್ಧ ನಿಜ. ಬಿಷಪ್ಪರ ಅರಮನೆ ಹುದ್ದೆಯ ಜೊತೆ ಬರುವ ಮನೆ, ಕ್ವಾರ್ಟರ್ಸ್. ಗಂಡ ಸತ್ತರೆ ಹೆಂಡತಿ ಖಾಲಿ ಮಾಡಬೇಕು. ಕ್ವಾರ್ಟರ್ಸಿನಲ್ಲಿ ಇದ್ದವರಿಗೆ ಗೊತ್ತು, ಅಲ್ಲಿ ಮೊಳೆ ಹೊಡೆಯಲೂ ಅನುಮತಿ ಬೇಕು. ವೆಲ್ಸ್‌ನಲ್ಲೂ ಈ ಜಗಳ ಈಚೆಗೆ ಎದ್ದಿತ್ತು. ಹೊಸ ಬಿಷಪ್ ಅರಮನೆಯಲ್ಲಿ ಇರುವುದು ಬೇಡ, ಬೇರೆ ಮನೆ ಕೊಡೋಣ ಅಂತ ಚರ್ಚಿನ ಆಸ್ತಿ ನೋಡಿಕೊಳ್ಳುವವರು 2013ರಲ್ಲಿ ತೀರ್ಮಾನಿಸಿದರು. ಊರವರು ರೇಗಿದರು. 2014ರಲ್ಲಿ ತೀರ್ಮಾನ ವಾಪಸಾಯಿತು. ಈಗಲೂ ಈ ಆವರಣದಲ್ಲೇ ಒಂದು ಭಾಗ ಬಿಷಪ್ಪರ ಮನೆ. ಉಳಿದದ್ದು ನಮ್ಮಂಥವರಿಗೆ, ಟಿಕೆಟ್ ಕೊಂಡರೆ.

ಹೊರಡುವಾಗ ಗೈಡ್ ಒಂದು ವಿಷಯ ಹೇಳಿದರು. 1703ರ ನವೆಂಬರ್ ಬಿರುಗಾಳಿಯಲ್ಲಿ ಇಲ್ಲಿನ ಹೊಗೆಗೂಡು ಕುಸಿದು, ಮಲಗಿದ್ದ ಬಿಷಪ್ ಕಿಡರ್ ಮತ್ತು ಅವರ ಹೆಂಡತಿ ಹಾಸಿಗೆಯಲ್ಲೇ ಸತ್ತರು. ಮನೆ ರಿಪೇರಿ ಕೇಳುವವರನ್ನು ನೋಡಿ ನಗಬಾರದು.

ನಾಲ್ಕನೇ ದಿನ

ರೆಡಿಂಗ್‌ಗೆ ವಾಪಸ್. ಇಬ್ಬರೂ ಮಾಡಿದ ಮೊದಲ ಕೆಲಸ, ಒಬ್ಬರಾದ ಮೇಲೊಬ್ಬರು ಬಿಸಿಬಿಸಿ ತಲೆಸ್ನಾನ. ರಾತ್ರಿ ಅವರ ಸಾರು. ಖಾರ ಅನ್ನಿಸಲಿಲ್ಲ.

ಐದನೇ ದಿನ: ವಿಂಚೆಸ್ಟರ್

ರೆಡಿಂಗ್‌ನಿಂದ ಒಂದು ಗಂಟೆಯೂ ಬೇಡ. ಟ್ರೊಲಪ್ ಹುಡುಗನಾಗಿದ್ದಾಗ ಓದಿದ ಊರು. ಆತ್ಮಕಥೆಯಲ್ಲಿ ಸಾಲ್ಸ್‌ಬರಿ ಅಂದವನು, ಸಾಯುವುದಕ್ಕೆ ಕೆಲವೇ ವಾರ ಮೊದಲು, 1882ರಲ್ಲಿ, ವೆಲ್ಸ್ ಹತ್ತಿರ ವಾಸವಿದ್ದ ಇತಿಹಾಸಕಾರ ಫ್ರೀಮನ್ ಕೇಳಿದಾಗ ಬೇರೆ ಮಾತು ಹೇಳಿದ. ಬಾರ್ಚೆಸ್ಟರ್ ಅಂದರೆ ವಿಂಚೆಸ್ಟರ್, ವೆಲ್ಸ್ ಅಲ್ಲವೇ ಅಲ್ಲ ಅಂತ. ಇನ್ನೂ ತಮಾಷೆ ಏನೆಂದರೆ, ಇದೆಲ್ಲ ಬರೆಯುವಾಗ ಲಂಡನ್ ಬಿಟ್ಟರೆ ಕಥೀಡ್ರಲ್ ಇರುವ ಯಾವ ಊರಲ್ಲೂ ವಾಸ ಮಾಡಿರಲಿಲ್ಲ, ಕ್ಲೋಸ್‌ನ ಒಳಗಿನ ಬದುಕು ಗೊತ್ತೇ ಇರಲಿಲ್ಲ ಅಂತ ಅವನೇ ಬರೆದುಕೊಂಡಿದ್ದಾನೆ. ಶಾಲೆಯ ದಿನಗಳನ್ನು ಲೆಕ್ಕಕ್ಕೇ ಹಿಡಿದಿಲ್ಲ ಅಂತ ಕಾಣುತ್ತೆ.

ನದಿಯಂಚಿನ ಹುಲ್ಲುಗಾವಲು ಹಿಡಿದು ಸೇಂಟ್ ಕ್ರಾಸ್‌ಗೆ ನಡೆದೆವು. 1130ರ ದಶಕದಲ್ಲಿ ಬಿಷಪ್ ಹೆನ್ರಿ ಶುರುಮಾಡಿದ ಮುದುಕರ ಆಸರೆಮನೆ. 19ನೇ ಶತಮಾನದಲ್ಲಿ ಇಲ್ಲಿನ ಮುಖ್ಯಸ್ಥನಾಗಿದ್ದ ಗಿಲ್‌ಫರ್ಡ್ ಪ್ರಭು ಬಡವರ ಪಾಲಿನ ದುಡ್ಡು ತಾನೇ ತಿನ್ನುತ್ತಿದ್ದಾನೆ ಅಂತ ದೊಡ್ಡ ಗಲಾಟೆಯಾಗಿ ಕೋರ್ಟಿಗೆ ಹೋಯಿತು. ಅವನನ್ನು ಅಲ್ಲಿ ಕೂರಿಸಿದ್ದು ಅವನಪ್ಪ, ಅಂದರೆ ಇಲ್ಲಿನ ಬಿಷಪ್ಪೇ! ಟ್ರೊಲಪ್‌ನ ಮೊದಲ ಬಾರ್ಚೆಸ್ಟರ್ ಕಾದಂಬರಿ ಈ ಥರದ ಗಲಾಟೆಯದ್ದೇ. ಅಲ್ಲಿ ಹನ್ನೆರಡು ಮುದುಕರಿಗೆ ದಿನಕ್ಕೆ ತಲಾ ಒಂದು ಶಿಲಿಂಗ್ ನಾಲ್ಕು ಪೆನ್ಸ್, ನೋಡಿಕೊಳ್ಳುವ ಹಾರ್ಡಿಂಗ್‌ಗೆ ವರ್ಷಕ್ಕೆ 800 ಪೌಂಡ್. ಆದರೆ ಹಾರ್ಡಿಂಗ್ ಕಳ್ಳನಲ್ಲ. ಕೈಯಿಂದ ಎರಡು ಪೆನ್ಸ್ ಸೇರಿಸಿ ಕೊಡುವ ಪಾಪದ ಮನುಷ್ಯ.

ಸೇಂಟ್ ಕ್ರಾಸ್‌ನ ಬಾಗಿಲಲ್ಲಿ ದಾರಿಹೋಕರು ಕೇಳಿದರೆ ಈಗಲೂ ಒಂದು ತುಂಡು ಬ್ರೆಡ್, ಕೊಂಬಿನ ಲೋಟದಲ್ಲಿ ಸ್ವಲ್ಪ ಬಿಯರ್ ಕೊಡುತ್ತಾರೆ. ಕೇಳಲೇಬೇಕು, ಕೇಳದಿದ್ದರೆ ಇಲ್ಲ. ನಾನು ಕೇಳಿದೆ. ಬೀಗಿತ್ತಿ ಬ್ರೆಡ್ ತಗೊಂಡರು, ಬಿಯರ್ ಲೋಟ ನನ್ನ ಕಡೆ ತಳ್ಳಿ ಬೇರೆ ಕಡೆ ನೋಡಿದರು. ಕುಡಿದೆ. ಕಹಿ. ಅಳಿಯನಿಗೆ ಹೇಳಬೇಡಿ ಅಂದೆ.

ಕಥೀಡ್ರಲ್ ಪಕ್ಕದ ವುಲ್ವ್‌ಸಿ ಬಿಷಪ್ಪರ ಮನೆ. ಹಳೇ ಅರಮನೆ ಪಾಳುಗೋಡೆಗಳಾಗಿ ನಿಂತಿದೆ. ರಾಣಿ ಮೇರಿಯ ಮದುವೆ ಊಟ 1554ರಲ್ಲಿ ಆದದ್ದು ಅಲ್ಲೇ. ಈಗ ಹುಲ್ಲು. ಅದಕ್ಕೆ ಅಂಟಿಕೊಂಡಂತೆ 1680ರ ದಶಕದ ಮನೆ, ಅಲ್ಲಿ ಬಿಷಪ್ಪರ ವಾಸ. ನಮಗೆ ಪ್ರವೇಶವಿಲ್ಲ. ಗೇಟಿನ ಹೊರಗಿನಿಂದ ಉದ್ದ ಕಿಟಕಿಗಳ ಸಾಲು ಕಂಡಿತು, ಒಂದರಲ್ಲಿ ಅರ್ಧ ಎಳೆದ ಪರದೆ. ಕಾದಂಬರಿ ಓದುವಾಗ ನನ್ನ ತಲೆಯಲ್ಲಿದ್ದ ಮನೆ ಇದೇ. ಕಂದಕ ಗಿಂದಕ ಏನೂ ಇಲ್ಲ, ಒಳಗೆ ಏನಾಗುತ್ತಿದೆ ಅಂತ ಹೊರಗಿನವರಿಗೆ ಗೊತ್ತಾಗದ ಒಂದು ದೊಡ್ಡ ಮನೆ.

ವಾಪಸ್ ರೈಲಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಬೀಗಿತ್ತಿ ಕೇಳಿದರು, "ಅವಳ ಕಥೆ ಕೊನೆಗೇನಾಯ್ತು?"

ಕೊನೆಯ ಪುಸ್ತಕ 1867ರದು. ಅದನ್ನು ಬರೆಯುತ್ತಿದ್ದಾಗ ಟ್ರೊಲಪ್ ಒಂದು ದಿನ ಲಂಡನ್ನಿನ ಕ್ಲಬ್ಬಿನಲ್ಲಿ ಕೂತಿದ್ದ. ಇಬ್ಬರು ಪಾದ್ರಿಗಳು ಅವನ ಕಾದಂಬರಿ ಓದುತ್ತಾ, ಇವನು ಹಳೇ ಪಾತ್ರಗಳನ್ನೇ ಮತ್ತೆ ಮತ್ತೆ ತರುತ್ತಾನೆ ಅಂತ ಬೈಯುತ್ತಿದ್ದರು. ಮಿಸೆಸ್ ಪ್ರೌಡಿಯ ಮಾತೂ ಬಂತು. ಇವನು ಎದ್ದು ಹೋಗಿ, ನಾನೇ ಟ್ರೊಲಪ್, ಮನೆಗೆ ಹೋಗಿ ವಾರದೊಳಗೆ ಅವಳನ್ನು ಮುಗಿಸಿಬಿಡ್ತೀನಿ ಅಂದ. ಮುಗಿಸಿದ. ಆಮೇಲೆ ಒಮ್ಮೊಮ್ಮೆ ಪಶ್ಚಾತ್ತಾಪ ಪಟ್ಟೆ ಅಂತಲೂ ಬರೆದ, ಅವಳನ್ನು ಬರೆಯುವುದರಲ್ಲಿ ಅಷ್ಟು ಖುಷಿ ಇತ್ತಂತೆ.

ಅವಳು ಸಾಯುವುದೂ ಅರಮನೆಯ ಕೋಣೆಯಲ್ಲೇ. ಎಲ್ಲರ ಮುಂದೆ ನನ್ನ ಮಾನ ಕಳೆದೆ ಅಂತ ಗಂಡ ಎದುರು ಮಾತಾಡಿದ್ದಾನೆ. ಅವಳಿಗೆ ಹೃದಯದ ಕಾಯಿಲೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಕೆಲಸದವಳು ಹೋಗಿ ನೋಡಿದರೆ, ಮಂಚದ ಕಂಬವನ್ನು ಒಂದು ತೋಳಿನಿಂದ ಅಪ್ಪಿ ಹಿಡಿದು, ನಿಂತ ಹಾಗೇ ಸತ್ತಿದ್ದಾಳೆ. ಸುದ್ದಿ ಕೇಳಿದ ಬಿಷಪ್ ಒಬ್ಬನೇ ಕೂತು ಪ್ರಾರ್ಥಿಸುತ್ತಾನೆ. ಹೆಂಡತಿ ಸತ್ತಳಲ್ಲ ಅಂತ ನನಗೆ ಸಂತೋಷ ಆಗದ ಹಾಗೆ ಕಾಪಾಡು ದೇವರೇ, ಅಂತ.

"ಅದೇ ಮನೇಲಿ ಅವನೂ ಹೀಗೇ ಕೇಳಿಕೊಂಡಿದ್ನಲ್ಲ, ಅಪ್ಪ ಸಾಯುವಾಗ" ಅಂದರು. ಹೌದು. ಅದನ್ನೂ ನಾನು ಗಮನಿಸಿರಲಿಲ್ಲ.

ಬೀಗಿತ್ತಿ ಸ್ವಲ್ಪ ಹೊತ್ತು ಹಳಿಗಳನ್ನೇ ನೋಡುತ್ತಿದ್ದರು.

"ನಿಂತ್ಕೊಂಡೇ ಸತ್ಲಾ?"

"ಹೂಂ."

"ಕೂತ್ಕೊಳ್ಳೋಕೂ ಪುರುಸೊತ್ತಾಗ್ಲಿಲ್ಲ ಪಾಪ."

ರೈಲು ಬಂತು. ತುಂಬಿಹೋಗಿತ್ತು. ಒಂದೇ ಸೀಟು ಸಿಕ್ಕಿತು. ಬೇಸಿಂಗ್‌ಸ್ಟೋಕ್‌ವರೆಗೆ ನಾನು ನಿಂತೆ, ಆಮೇಲೆ ಅವರು.